ಹಸಿರು ಬಟನ್ನಿಗೆ ಸಿಕ್ಕಿಸಿದ ರಟ್ಟು

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಶಾಪ್‌ನಲ್ಲಿ ಬಟನ್ನಿಗೆ ರಟ್ಟು ಸಿಕ್ಕಿಸುವುದನ್ನು ಹೊಸ ಹುಡುಗರಿಗೆ ಕಲಿಸಿಕೊಟ್ಟವರಲ್ಲಿ ನಾನೂ ಒಬ್ಬ.

ಪವರ್ ಪ್ರೆಸ್ ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ತಗಡು ಇಟ್ಟು ಒತ್ತುವ ಮಷಿನ್ ಅದು, ಆ ಅಚ್ಚಿಗೇ ಡೈ ಅನ್ನುವುದು. ಪ್ರೆಸ್ ಮುಂದೆ ಎರಡು ಹಸಿರು ಬಟನ್ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ ಕೆಳಗೆ ಬರಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲ್ಲ, ಅಷ್ಟೇ ಅದರ ಲೆಕ್ಕ. ಹಳೇ ಮಷಿನ್‌ಗಳಲ್ಲಿ ಒಂದು ಬಟನ್ನನ್ನು ಒತ್ತಿದ ಹಾಗೆಯೇ ಇಟ್ಟುಬಿಟ್ಟರೂ ಮಷಿನ್‌ಗೆ ಗೊತ್ತಾಗುವುದಿಲ್ಲ. ಪ್ಯಾಕಿಂಗ್ ಬಾಕ್ಸಿನ ರಟ್ಟು ಹರಿದು, ನಾಲ್ಕು ಮಡಿಕೆ ಮಾಡಿ, ಬಟನ್ ಪಕ್ಕದ ಸಂದಿಗೆ ತುರುಕಿ, ಮೇಲೊಂದು ಸುತ್ತು ಇನ್ಸುಲೇಶನ್ ಟೇಪ್ ಹಾಕಿದರೆ ಮುಗಿಯಿತು. ಆಮೇಲೆ ಒಂದೇ ಕೈಯಲ್ಲಿ ಪ್ರೆಸ್ ಓಡುತ್ತದೆ. ಇನ್ನೊಂದು ಕೈ ಖಾಲಿ. ಆ ಖಾಲಿ ಕೈಯೇ ಡೈ ಒಳಗೆ ಹೋಗುವುದು.

ಪೀಣ್ಯ 2ನೇ ಹಂತದ ಈ ಪ್ರೆಸ್ ಶಾಪ್‌ಗೆ ಸೇರಿ ನನಗೆ 11 ವರ್ಷ. ಗಾಡಿಗಳಿಗೆ ಬ್ರಾಕೆಟ್, ಕ್ಲಾಂಪ್, ವಾಷರ್ ಇಂಥದ್ದೆಲ್ಲ ಒತ್ತುತ್ತೇವೆ. 14 ಪ್ರೆಸ್, ಹಿಂದುಗಡೆ ಪೀಸಿಗೆ ಲೋಹದ ಲೇಪ ಹಾಕುವ ಒಂದು ಪ್ಲೇಟಿಂಗ್ ವಿಭಾಗ. ಕಾಯಂ ಆದವರು 60 ಚಿಲ್ಲರೆ ಜನ, ಕಂಟ್ರಾಕ್ಟ್ ಹುಡುಗರು ಅದಕ್ಕಿಂತ ಜಾಸ್ತಿ. ಕಂಪನಿ ಹೆಸರು ಬೇಡ.

ಮೂರು ವರ್ಷದ ಹಿಂದೆ, ಸೆಕೆಂಡ್ ಶಿಫ್ಟ್, ರಾತ್ರಿ ಎಂಟೂವರೆ ಇರಬಹುದು. ಪಕ್ಕದ 63 ಟನ್ನಿನ ಪ್ರೆಸ್‌ನಲ್ಲಿದ್ದ ನನ್ನ ಜೊತೆಯವನಿಗೆ ಎಡಗೈಯ ಎರಡು ಬೆರಳಿನ ತುದಿ ಹೋಯಿತು. ಪ್ರೆಸ್ ಸದ್ದಿನಲ್ಲಿ ಏನೂ ವ್ಯತ್ಯಾಸ ಇರಲಿಲ್ಲ, ಅದೇ ಧಡ್ ಧಡ್. ಅವನು ಕೂಗಲೂ ಇಲ್ಲ. ನಾನು ತಿರುಗಿ ನೋಡಿದಾಗ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಬಲಗೈಯಲ್ಲಿ ಬಟನ್ ಮೇಲಿನ ಟೇಪ್ ಕೀಳುತ್ತಿದ್ದ. ಮೊದಲು ರಟ್ಟು ತೆಗೆಯಬೇಕು, ಇಲ್ಲದಿದ್ದರೆ ತಪ್ಪು ನನ್ನ ತಲೆಗೇ ಬರುತ್ತದೆ ಅನ್ನುವುದು ಅವನಿಗೆ ಆ ಹೊತ್ತಿನಲ್ಲೂ ನೆನಪಿತ್ತು. ಟೇಪ್ ಬರಲಿಲ್ಲ. ನಾನೇ ಕಿತ್ತು ಜೇಬಿಗೆ ಹಾಕಿಕೊಂಡೆ.

ತಪ್ಪು ಅವನ ತಲೆಗೇ ಬಂತು. 48 ಗಂಟೆ ಕೆಲಸಕ್ಕೆ ಬರಲಾಗದಷ್ಟು ಪೆಟ್ಟಾದರೆ ಫ್ಯಾಕ್ಟರಿಯವರು ಸರ್ಕಾರಕ್ಕೆ ತಿಳಿಸಬೇಕು ಅಂತ ಕಾಯಿದೆ ಇದೆ, ಹಾಗಾಗಿ ವರದಿ ಬರೆದರು. ಕಾರಣ ಅನ್ನುವ ಕಡೆ 'ಕೆಲಸಗಾರನ ಅಜಾಗರೂಕತೆ' ಅಂತ ಇತ್ತು. ಸಾಕ್ಷಿ ಅಂತ ನನ್ನ ಸಹಿ. ಆ ಡೈಗೆ ಏಳೆಂಟು ಪೀಸಿಗೊಮ್ಮೆ ಪೀಸ್ ಅಂಟಿಕೊಳ್ಳುತ್ತದೆ, ಅದನ್ನು ಎಬ್ಬಿಸಲು ಒಂದು ಕೈ ಬೇಕೇ ಬೇಕು, ಎರಡು ಕೈಯಲ್ಲಿ ಬಟನ್ ಒತ್ತುತ್ತಾ ಕೂತರೆ ಗಂಟೆಗೆ 350ರ ಟಾರ್ಗೆಟ್ ಯಾವ ಜನ್ಮಕ್ಕೂ ಆಗುವುದಿಲ್ಲ ಅಂತ ನಾನು ಹೇಳಲಿಲ್ಲ. ಕೇಳಲೂ ಇಲ್ಲ ಬಿಡಿ. ಕೇಳಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಇದಕ್ಕಿಂತ ತಮಾಷೆ ಏನೆಂದರೆ, ಆಗ ನಾನು ಸುರಕ್ಷತಾ ಸಮಿತಿಯ ಸದಸ್ಯ. ಎರಡು ವರ್ಷದಿಂದ. ಒಂದು ಮೀಟಿಂಗೂ ನೋಡಿರಲಿಲ್ಲ. ಮೂರು ತಿಂಗಳಿಗೊಮ್ಮೆ ಎಚ್‌ಆರ್ ಹುಡುಗ ಪಂಚಿಂಗ್ ಮಷಿನ್ ಹತ್ತಿರ ರಿಜಿಸ್ಟರ್ ಹಿಡಿದು ನಿಲ್ಲುತ್ತಿದ್ದ, 'ಅಣ್ಣಾ ಇಲ್ಲೊಂದು ಸಹಿ' ಅನ್ನುತ್ತಿದ್ದ, ಹಾಕುತ್ತಿದ್ದೆ. ಆ ರಿಜಿಸ್ಟರಿನಲ್ಲಿ ನಾನು ಏನೇನೋ ಮಾತಾಡಿದ್ದೇನಂತೆ. ಇನ್ನು ಮಾರ್ಚ್ 4 ಬಂದರೆ ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾದ ದಿನ ಅದು. ಎದೆಗೊಂದು ಬ್ಯಾಡ್ಜ್, ಇಂಗ್ಲಿಷಿನಲ್ಲಿ ಪ್ರತಿಜ್ಞೆ, ಒಂದು ಲಾಡು, ಒಂದು ಖಾರದ ಪೊಟ್ಟಣ, ವಾಪಸ್ ಮಷಿನ್‌ಗೆ.

ಗೇಟ್ ಹತ್ತಿರ ಇನ್ನೊಂದು ಬೋರ್ಡ್ ಇತ್ತು, ಅಪಘಾತವಿಲ್ಲದ ದಿನಗಳು ಎಷ್ಟು ಅಂತ. 300 ದಿನ ಆದರೆ ಎಲ್ಲರಿಗೂ ಸ್ಟೀಲ್ ಟಿಫನ್ ಕ್ಯಾರಿಯರ್. 270 ದಾಟಿದಾಗ ಒಬ್ಬ ಹುಡುಗ ಕೈ ಕುಯ್ದುಕೊಂಡ. ಕಾಟನ್ ವೇಸ್ಟ್ ಸುತ್ತಿ, ಮೇಲೆ ಗ್ಲೋವ್ಸ್ ಹಾಕಿಕೊಂಡು ಶಿಫ್ಟ್ ಮುಗಿಸಿದ. ಹೊಲಿಗೆ ಹಾಕಿಸಿಕೊಂಡದ್ದು ಸ್ವಂತ ದುಡ್ಡಿನಲ್ಲಿ. ನೂರೈವತ್ತು ಜನರ ಕ್ಯಾರಿಯರ್ ಅವನ ಕೈಯಲ್ಲಿತ್ತಲ್ವಾ, ಹೇಗೆ ಹೇಳಿಯಾನು? ನಮ್ಮ ಮನೆಯಲ್ಲಿ ಆ ಕ್ಯಾರಿಯರ್ ಇನ್ನೂ ಇದೆ.

ಬೆರಳು ಹೋದ ಆರೇಳು ತಿಂಗಳಿಗೆ ಹೊಸ ಪ್ಲಾಂಟ್ ಹೆಡ್ ಬಂದರು. ಮಂಡ್ಯ ಕಡೆಯವರು, ಐವತ್ತರ ಆಸುಪಾಸು. ಹೊಸಬರು ಬಂದಾಗ ಎರಡು ವಾರ ಗದ್ದಲ ಇರುತ್ತದೆ, ಆಮೇಲೆ ಸರಿಹೋಗುತ್ತದೆ ಅಂತ ನಾವು ಸುಮ್ನೆ ಇದ್ದೆವು. ಇವರು ಮೂರನೇ ದಿನ ನೇರ ನನ್ನ ಪ್ರೆಸ್ ಹತ್ತಿರ ಬಂದು, 'ಏಳಿ, ಒಂದು ಗಂಟೆ ನಾನು ಓಡಿಸ್ತೀನಿ. ತಪ್ಪು ಮಾಡಿದ್ರೆ ಹೇಳಿ' ಅಂದರು. ಬಟನ್ನಿಗೆ ರಟ್ಟು ಇತ್ತು. ನನ್ನ ಎದೆ ಧಸಕ್ ಅಂತು. ಅವರು ನೋಡಿದರು, ಟೇಪ್ ಬಿಚ್ಚಿದರು, ರಟ್ಟನ್ನು ಪಕ್ಕದ ಬಿನ್ ಮೇಲೆ ಇಟ್ಟರು, ಏನೂ ಅನ್ನಲಿಲ್ಲ. ಎರಡೂ ಕೈಯಲ್ಲಿ ಓಡಿಸಲು ಶುರು ಮಾಡಿದರು. ಪೀಸ್ ಅಂಟಿತು, ಕೊಕ್ಕೆಯಿಂದ ಎಬ್ಬಿಸಿದರು. ಮತ್ತೆ ಅಂಟಿತು. ಅಂಗಿಯ ತೋಳಿಗೆಲ್ಲ ಎಣ್ಣೆ. ಒಂದು ಗಂಟೆಗೆ 190 ಪೀಸ್ ಆಯಿತು.

ಎದ್ದು ಸೊಂಟ ಹಿಡಿದುಕೊಂಡು ಆ ರಟ್ಟು ಕೈಗೆ ತಗೊಂಡರು. 'ಇಲ್ಲಿ ದಿನಾ ಕೂತಿದ್ದರೆ ಇದನ್ನ ನಾನೂ ಹಾಕ್ಕೊಳ್ತಿದ್ದೆ' ಅಂದರು. 'ಈಗ ಹೇಳಿ, ಏನು ಮಾಡಿದ್ರೆ ಇದು ಬೇಡ ಆಗುತ್ತೆ?'

ಅಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಹಾಗಂತ ತಕ್ಷಣ ಉತ್ತರ ಕೊಟ್ಟೆ ಅಂದುಕೊಳ್ಳಬೇಡಿ. 'ಯೋಚನೆ ಮಾಡಿ ಹೇಳ್ತೀನಿ ಸರ್' ಅಂದೆ. ಇದರಲ್ಲಿ ಏನೋ ಕೊಕ್ಕೆ ಇದೆ ಅಂತಲೇ ನನ್ನ ಅನುಮಾನ. ಉತ್ತರ ಕೊಟ್ಟವನು ಹಿರಿಯೂರಿನ ಹುಡುಗ, ಕಂಟ್ರಾಕ್ಟಿನವನು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಡೈ ಪಕ್ಕ ತಾಮ್ರದ ಪೈಪ್ ಬಗ್ಗಿಸಿ ಗಾಳಿ ಹೊಡೆಸುತ್ತಿದ್ದರಂತೆ, ಪೀಸ್ ತಾನೇ ಹಾರಿ ಹೋಗುತ್ತಿತ್ತಂತೆ. ಟೂಲ್ ರೂಮಿನ ಅಣ್ಣ ಅದನ್ನು ಕೇಳಿ, ಬರೀ ಗಾಳಿ ಸಾಲದು, ಕೆಳಗಿನ ಡೈಗೆ ಎರಡು ಸ್ಪ್ರಿಂಗ್ ಪಿನ್ ಕೂರಿಸೋಣ, ಅದು ಎಬ್ಬಿಸುತ್ತೆ, ಗಾಳಿ ತಳ್ಳುತ್ತೆ ಅಂದರು. ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಟಾರ್ಗೆಟ್ 350 ಅಲ್ಲ, 200 ಅಂತ ಪ್ಲಾಂಟ್ ಹೆಡ್ ಬೋರ್ಡಿನ ಮೇಲೆ ತಾವೇ ಬರೆದು ಸಹಿ ಹಾಕಿದರು. ಪ್ರೊಡಕ್ಷನ್ ಮ್ಯಾನೇಜರ್ ಮುಖ ನೋಡಬೇಕಿತ್ತು ನೀವು. ಪಿನ್ನು, ಪೈಪು ಎಲ್ಲ ಕೂತ ಮೇಲೆ ಎರಡೂ ಕೈಯಲ್ಲೇ ಗಂಟೆಗೆ 340 ಬರತೊಡಗಿತು. ರಟ್ಟು ಹಾಕಿಕೊಳ್ಳಬೇಡಿ ಅಂತ ಯಾರೂ ಹೇಳಬೇಕಾಗಲಿಲ್ಲ.

ಆ ವರ್ಷ ಆಯುಧ ಪೂಜೆಗೆ ಶಾಪ್ ತೊಳೆಯುವಾಗ ಕ್ಯಾಂಟೀನ್ ಮುಂದಿನ ಸಲಹಾ ಪೆಟ್ಟಿಗೆ ಕೆಳಗಿಳಿಸಿದೆವು. ಬೀಗದ ಕೀ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಆಕ್ಸಾ ಬ್ಲೇಡ್ ಹಾಕಿ ಕುಯ್ದೆವು. ಒಳಗೆ ಬಸ್ ಟಿಕೆಟ್, ಗುಟ್ಕಾ ಪ್ಯಾಕೆಟ್, 'ಸಾಂಬಾರಿಗೆ ಉಪ್ಪಿಲ್ಲ' ಅಂತ ಒಂದು ಚೀಟಿ. ಅದರ ಕೆಳಗೆ ಗೇಟ್ ಪಾಸ್ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು ಇನ್ನೊಂದು: '7ನೇ ಪ್ರೆಸ್ ಡಬಲ್ ಹೊಡೆಯುತ್ತೆ.' ಹೆಸರಿಲ್ಲ, ತಾರೀಕಿಲ್ಲ.

ಡಬಲ್ ಹೊಡೆಯುವುದು ಅಂದರೆ ಒಮ್ಮೆ ಪೆಡಲ್ ತುಳಿದರೆ ಎರಡು ಸಲ ಇಳಿಯುವುದು. ಒಂದು ಸಲ ಇಳಿದು ಹೋಯಿತು ಅಂತ ಕೈ ಹಾಕಿರುತ್ತೀರಿ, ಇನ್ನೊಂದು ಸಲ ಬರುತ್ತದೆ. 7ನೆಯದು 20 ಟನ್ನಿನ ಹಳೇ ಪೆಡಲ್ ಪ್ರೆಸ್. ಅವತ್ತು ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಳೆಕಂದು ಕಟ್ಟಿದ್ದೆವು. ಪ್ಲಾಂಟ್ ಹೆಡ್ ಚೀಟಿ ಓದಿ, 'ಪೂಜೆ ಆಗ್ಲಿ, ಆದರೆ ಇದನ್ನ ಬಿಚ್ಚಿ ನೋಡೋವರೆಗೂ ಆನ್ ಮಾಡೋದು ಬೇಡ' ಅಂದರು. ಹಬ್ಬ ಕಳೆದು ಬಿಚ್ಚಿದಾಗ ಪ್ರೆಸ್ಸನ್ನು ಹಿಡಿದು ಬಿಡುವ ಕ್ಲಚ್ಚಿನೊಳಗಿನ ಕೀ ಅನ್ನುವ ತುಂಡಿನ ಅಂಚು ಸವೆದು ಗುಂಡಗಾಗಿತ್ತು. ಚೀಟಿ ಬರೆದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಬರೆದು ಹಾಕಿ, ಯಾರೂ ಓದದ್ದು ಕಂಡು, ಅದೇ ಪ್ರೆಸ್ ಮುಂದೆ ಕೂತು ಓಡಿಸಿರಬೇಕು ಪುಣ್ಯಾತ್ಮ.

ಪೆಟ್ಟಿಗೆಯನ್ನು ಮತ್ತೆ ಮೇಲೆ ಹಾಕಲಿಲ್ಲ. ಅದರ ಜಾಗದಲ್ಲಿ ಕಪ್ಪು ಹಲಗೆ ಬಂತು. ಏನು ತೊಂದರೆ, ಯಾರು ಹೇಳಿದ್ದು (ಇಷ್ಟ ಇದ್ದರೆ), ಯಾರು ಸರಿಮಾಡಬೇಕು, ಯಾವ ತಾರೀಕಿನೊಳಗೆ. ಆಗದ ಕೆಲಸವಾದರೆ ಯಾಕೆ ಆಗಲ್ಲ ಅಂತಲೂ ಅಲ್ಲೇ ಬರೆಯಬೇಕು. ಈ ಕೊನೆಯದ್ದು ಸಣ್ಣ ವಿಷಯ ಅನ್ನಿಸಬಹುದು, ನನಗೆ ಹಾಗನ್ನಿಸಲ್ಲ. 'ಛಾವಣಿಗೆ ಇನ್ನೂ ನಾಲ್ಕು ಫ್ಯಾನ್ ಬೇಕು' ಅಂತ ಕೇಳಿದ್ದಕ್ಕೆ 'ಈ ವರ್ಷ ದುಡ್ಡಿಲ್ಲ, ಏಪ್ರಿಲ್‌ನಲ್ಲಿ ನೋಡೋಣ' ಅಂತ ಬರೆದಿದ್ದರು. ಬೈದುಕೊಂಡೆವು, ಆದರೆ ಉತ್ತರ ಅಂತ ಒಂದು ಬಂದಿತ್ತಲ್ಲ.

ಸಮಿತಿಯನ್ನೂ ಹೊಸದಾಗಿ ಮಾಡಿದರು. ಎಚ್‌ಆರ್ ಪಟ್ಟಿ ಬೇಡ, ನಿಮ್ಮವರನ್ನು ನೀವೇ ಆರಿಸಿ ಅಂದರು. ಚೀಟಿ ಹಾಕಿ ಆರಿಸಿದೆವು. ಆರು ಜನ ನಮ್ಮವರು, ಅದರಲ್ಲಿ ಇಬ್ಬರು ಕಂಟ್ರಾಕ್ಟ್ ಹುಡುಗರು. ಆರು ಜನ ಮ್ಯಾನೇಜ್‌ಮೆಂಟಿನವರು. ನಾನು ಈ ಸಲ ನಿಜವಾಗಿ ಗೆದ್ದು ಬಂದೆ, 41 ಓಟು. ತರಬೇತಿಗೆ ಬಂದವರೊಬ್ಬರು ಹೇಳಿದಾಗಲೇ ನನಗೆ ತಿಳಿದದ್ದು: ಅಪಾಯದ ಪ್ರಕ್ರಿಯೆ ಇರುವ ಫ್ಯಾಕ್ಟರಿಯಲ್ಲಿ ಸಮಿತಿ ಇರಲೇಬೇಕು, ಎರಡೂ ಕಡೆಯವರು ಸಮಸಮ ಇರಬೇಕು ಅಂತ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 41ಜಿ ಕಲಮಿನಲ್ಲೇ ಇತ್ತು. ಪ್ಲೇಟಿಂಗ್ ಅಪಾಯದ ಪಟ್ಟಿಯಲ್ಲಿತ್ತು, ಹಾಗಾಗಿ ನಮಗೂ ಅನ್ವಯವಾಗುತ್ತಿತ್ತು. ಆ ಕಲಮು ಬಂದದ್ದು 1987ರಲ್ಲಿ, ಭೋಪಾಲದಲ್ಲಿ 1984ರ ಡಿಸೆಂಬರಿನ ಆ ರಾತ್ರಿ ವಿಷಗಾಳಿಗೆ ಸಾವಿರಾರು ಜನ ಸತ್ತ ಮೇಲೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನಿ. ಅಷ್ಟು ಜೀವ ತೆತ್ತು ಬಂದ ಕಲಮಿಗೆ ನಾನು ಪಂಚಿಂಗ್ ಮಷಿನ್ ಹತ್ತಿರ ಎರಡು ವರ್ಷ ಓದದೆ ಸಹಿ ಹಾಕಿದ್ದೆ. ಅದೇ ಕಾಯಿದೆಯ 111ಎ ಪ್ರಕಾರ ನಮ್ಮ ಸುರಕ್ಷತೆ ಸರಿಯಿಲ್ಲದಿದ್ದರೆ ನಾವು ನೇರವಾಗಿ ಇನ್ಸ್‌ಪೆಕ್ಟರಿಗೇ ಹೇಳಬಹುದಿತ್ತು ಅಂತಲೂ ಆವತ್ತೇ ಗೊತ್ತಾಯಿತು. ಇದನ್ನು ತರಬೇತಿಯವರು ಹೇಳುವಾಗ ಪ್ಲಾಂಟ್ ಹೆಡ್ ಎದ್ದು ಹೋಗಲಿಲ್ಲ, ಮಾತು ತಿರುಗಿಸಲಿಲ್ಲ. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

ಮೊದಲ ಮೀಟಿಂಗು ಶಿಫ್ಟ್ ಬದಲಾಗುವ ಎರಡು ಗಂಟೆಗೆ, ಶಾಪ್‌ನಲ್ಲೇ. ಮೀಟಿಂಗ್ ಹೊತ್ತೂ ಡ್ಯೂಟಿ ಲೆಕ್ಕಕ್ಕೆ ಅಂತ ಮೊದಲೇ ಹೇಳಿದ್ದರು. ಇಲ್ಲದಿದ್ದರೆ ದಾಬಸ್‌ಪೇಟೆ, ನೆಲಮಂಗಲದಿಂದ ಬರುವವರು ಬಸ್ ಬಿಟ್ಟು ಕೂರುತ್ತಿರಲಿಲ್ಲ. ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬರು ಟಾಯ್ಲೆಟ್ಟಿನಲ್ಲಿ ಲೈಟ್ ಇಲ್ಲ ಅಂದರು. ಇನ್ನೊಬ್ಬರು ಕುಡಿಯುವ ನೀರಿನ ಫಿಲ್ಟರ್. ಮತ್ತೊಬ್ಬರು ಶೂ ಕಚ್ಚುತ್ತದೆ. ನಲವತ್ತು ನಿಮಿಷ ಇದೇ. ಸೇಫ್ಟಿ ನೋಡಿಕೊಳ್ಳುವ ಇಂಜಿನಿಯರ್ 'ಇದೆಲ್ಲ ಸೇಫ್ಟಿ ಅಲ್ಲ' ಅಂತ ಶುರು ಮಾಡಿದಾಗ ಪ್ಲಾಂಟ್ ಹೆಡ್ ಕೈ ಅಡ್ಡ ಹಿಡಿದರು. ಮಾರನೇ ದಿನ ಟಾಯ್ಲೆಟ್ಟಿಗೆ ಲೈಟ್ ಬಂತು, ಒಂದಲ್ಲ ಎರಡು. ಆ ಲೈಟ್ ಬರದಿದ್ದರೆ, ಎರಡನೇ ಮೀಟಿಂಗಿನಲ್ಲಿ ಪ್ಲೇಟಿಂಗ್ ವಿಭಾಗದವರು ಆಸಿಡ್ ತೊಟ್ಟಿ ಮೇಲಿನ ಹೊಗೆ ಎಳೆಯುವ ಫ್ಯಾನ್ ಮಧ್ಯಾಹ್ನ ಮೇಲೆ ಆಫ್ ಮಾಡುತ್ತಾರೆ ಅನ್ನುವ ಸಂಗತಿ ಬಾಯಿ ಬಿಡುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಕರೆಂಟ್ ಬಿಲ್ ಉಳಿಸಲು ಹಿಂದಿನವರ್‍ಯಾರೋ ಮಾಡಿಟ್ಟ ಏರ್ಪಾಡು, ಹಾಗೇ ನಡೆದುಕೊಂಡು ಬಂದಿತ್ತು.

ಎಲ್ಲ ಸರಾಗ ಅಂದುಕೊಳ್ಳಬೇಡಿ. ನಿಯರ್ ಮಿಸ್ ಚೀಟಿ ಅಂತ ಒಂದು ತಂದರು, ಪೆಟ್ಟಾಗದೆ ತಪ್ಪಿದ್ದನ್ನೂ ಬರೆದುಕೊಡಿ ಅಂತ. ನಾವು ಅದಕ್ಕೆ 'ಕೂದಲೆಳೆ ಚೀಟಿ' ಅಂತ ಹೆಸರಿಟ್ಟೆವು, ಕೂದಲೆಳೆಯಲ್ಲಿ ಪಾರಾದೆ ಅನ್ನುತ್ತೀವಲ್ಲ ಹಾಗೆ. ಚೆನ್ನಾಗಿಯೇ ಬರುತ್ತಿತ್ತು. ಎಚ್‌ಆರ್‌ನವರು ಉತ್ಸಾಹ ತಡೆಯಲಾರದೆ ತಲೆಗೆ ತಿಂಗಳಿಗೆ ಎರಡು ಚೀಟಿ ಕಡ್ಡಾಯ ಮಾಡಿದರು ನೋಡಿ, ಆ ತಿಂಗಳು 'ನೆಲದ ಮೇಲೆ ಎಣ್ಣೆ ಇತ್ತು' ಅಂತ ನಲವತ್ತು ಚೀಟಿ ಬಂತು, ಒಂದೇ ಕೈಬರಹದಲ್ಲಿ ಹತ್ತು. ಮುಂದಿನ ತಿಂಗಳು ಕಡ್ಡಾಯ ತೆಗೆದರು. ಟಿಫನ್ ಕ್ಯಾರಿಯರ್ ಬೋರ್ಡನ್ನೂ ಅದರ ಜೊತೆ ಇಳಿಸಿದರು.

ನನಗೆ ಈ ಬದಲಾವಣೆ ಬರೀ ಮಾತಲ್ಲ ಅಂತ ಅನ್ನಿಸಿದ್ದು ಒಂದು ತಿಂಗಳ ಕೊನೆಯ ಸಂಜೆ. 100 ಟನ್ನಿನ ಪ್ರೆಸ್‌ನಲ್ಲಿ ಗದಗಿನ ಹುಡುಗ ಇದ್ದ, ಸೇರಿ ನಾಲ್ಕು ತಿಂಗಳು. ಲಾರಿ ಹೊರಗೆ ನಿಂತಿದೆ, ಇನ್ನು ಎಂಟುನೂರು ಪೀಸ್ ಬೇಕು. ಅವನು ಕೆಂಪು ಬಟನ್ ಒತ್ತಿ ನಿಂತುಬಿಟ್ಟ. ನಾನು ಓಡಿಹೋದೆ. 'ಬ್ರೇಕ್ ಜಾರಾಕತ್ತೈತಿ ಅನಸ್ತೈತ್ರಿ ಅಣ್ಣ, ಮ್ಯಾಲ ನಿಂದ್ರೂದು ತಡಾ ಆಗಾಕತ್ತೈತಿ' ಅಂದ. ನಾನು ನೋಡಿದೆ, ನನಗೇನೂ ಕಾಣಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಬಂದು ಕೂಗಾಡಿದರು, ನಿನಗೇನು ಗೊತ್ತು, ನಿನ್ನೆ ಮೊನ್ನೆ ಬಂದವನು ಅಂತ. ಹುಡುಗನ ತುಟಿ ಒಣಗಿತ್ತು. ಆದರೂ ಬಟನ್ ಬಿಡಿಸಲಿಲ್ಲ.

ಪ್ಲಾಂಟ್ ಹೆಡ್ ಇಳಿದು ಬಂದರು. ಹುಡುಗನ ಮಾತು ಪೂರ್ತಿ ಕೇಳಿದರು. ಮೇಂಟೆನೆನ್ಸ್‌ನವರಿಗೆ ಬ್ರೇಕ್ ಚೆಕ್ ಮಾಡಲು ಹೇಳಿ, ನಮ್ಮೆದುರೇ ಗಿರಾಕಿಗೆ ಫೋನ್ ಮಾಡಿ ಮಾಲು ತಡವಾಗುತ್ತದೆ ಅಂದರು. ಆ ಕಡೆಯಿಂದ ಬೈಗುಳ ಬಂದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಎರಡು ಗಂಟೆ ಇಪ್ಪತ್ತು ನಿಮಿಷ ಮಷಿನ್ ನಿಂತಿತು. ಚೆಕ್ ಮಾಡಿದರೆ ಬ್ರೇಕ್ ಸರಿಯಾಗಿಯೇ ಇತ್ತು, ಏನೂ ಆಗಿರಲಿಲ್ಲ.

ಎಲ್ಲರೂ ಹುಡುಗನ ಕಡೆ ನೋಡಿದರು. ಪ್ರೊಡಕ್ಷನ್ ಮ್ಯಾನೇಜರ್ ಏನೋ ಅನ್ನಲು ಹೋದರು. 'ಅವನಿಗೆ ಅನುಮಾನ ಬಂತು, ನಿಲ್ಲಿಸಿದ. ಬ್ರೇಕ್ ಸರಿ ಇದ್ದದ್ದು ಅವನ ತಪ್ಪಾ?' ಅಂದರು ಪ್ಲಾಂಟ್ ಹೆಡ್. ಅಷ್ಟೇ. ಭಾಷಣ ಇಲ್ಲ, ಚಪ್ಪಾಳೆ ಇಲ್ಲ. ರಾತ್ರಿ ಹತ್ತಕ್ಕೆ ಲಾರಿ ಹೋಯಿತು. ಅವತ್ತು ಬ್ರೇಕ್ ನಿಜವಾಗಿ ಹೋಗಿದ್ದರೆ ಹುಡುಗನನ್ನು ಹೊಗಳುವುದು ಯಾರಿಗೂ ಸುಲಭ. ಏನೂ ಇಲ್ಲದ ದಿನ ಬೈಯದೆ ಇರುವುದು ಕಷ್ಟ, ಅದನ್ನು ನಾವೆಲ್ಲ ನೋಡಿದೆವು. ಆ ವಾರ ಹಲಗೆಯ ಮೇಲೆ ಜಾಗ ಸಾಲಲಿಲ್ಲ.

ಕಹಿಯದ್ದೂ ಒಂದಿದೆ. ಫ್ಯಾನ್ ಆಫ್ ಆಗುವ ಸಂಗತಿ ಹೇಳಿದ ಪ್ಲೇಟಿಂಗ್ ಹುಡುಗನನ್ನು ಕಂಟ್ರಾಕ್ಟರ್ ಎರಡು ತಿಂಗಳು ಬಿಟ್ಟು ಬೇರೆ ಕಡೆಗೆ ಹಾಕಿದ. 'ಕೆಲಸ ಕಡಿಮೆ ಇದೆ' ಅಂತ ಕಾರಣ. ನಮಗೆ ಗೊತ್ತಾಗುವಾಗ ಮೂರು ವಾರ ಕಳೆದಿತ್ತು. ಪ್ಲಾಂಟ್ ಹೆಡ್ ಕಂಟ್ರಾಕ್ಟರನ್ನು ಕರೆದು ತರಾಟೆಗೆ ತೆಗೆದುಕೊಂಡರು, ಹುಡುಗನನ್ನು ವಾಪಸ್ ಕರೆಸಿ ಅಂದರು. ಅವನು ಊರಿಗೆ ಹೋಗಿದ್ದ, ಫೋನ್ ಎತ್ತಲಿಲ್ಲ. ಈಗ ಸಮಿತಿಯಲ್ಲಿ ಯಾರನ್ನು ತೆಗೆದರು, ಯಾರನ್ನು ಬದಲಾಯಿಸಿದರು ಅನ್ನುವ ಪಟ್ಟಿಯನ್ನೂ ಪ್ರತಿ ತಿಂಗಳು ನೋಡುತ್ತೇವೆ. ಆದರೂ ಕಂಟ್ರಾಕ್ಟ್ ಹುಡುಗರು ಹಲಗೆಯಲ್ಲಿ ಹೆಸರು ಬರೆಯುವುದು ಕಡಿಮೆಯಾಗಿದೆ. ಬರೆಯಿರಿ ಅನ್ನಲು ನನಗೂ ಬಾಯಿ ಬರುವುದಿಲ್ಲ.

ಬೆರಳು ಹೋದವನು ಈಗ ಸ್ಟೋರ್ಸ್‌ನಲ್ಲಿದ್ದಾನೆ. ಆ ವರದಿಗೆ ಸಹಿ ಹಾಕಿದ್ದನ್ನು ನಾನು ಒಮ್ಮೆ ಮೀಟಿಂಗಿನಲ್ಲೇ ಹೇಳಿದೆ, ರಟ್ಟು ಜೇಬಿಗೆ ಹಾಕಿಕೊಂಡದ್ದನ್ನೂ. ವಿಷಯ ಅವನಿಗೆ ಮುಟ್ಟಿತು. 'ಈಗ ಹೇಳಿ ಏನು ಮಗಾ' ಅಂದ, ಟೀ ಕುಡಿಸಿದ.

ಈಗ ದೊಡ್ಡ ಪ್ರೆಸ್‌ಗಳಿಗೆಲ್ಲ ಹೊಸ ರಿಲೇ ಹಾಕಿದ್ದಾರೆ. ಎರಡು ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸಲ ಎರಡನ್ನೂ ಬಿಡಬೇಕು, ಒಂದನ್ನು ಒತ್ತಿಟ್ಟರೆ ಮಷಿನ್ ಅಲುಗಾಡುವುದಿಲ್ಲ. ಎರಡು ಪ್ರೆಸ್‌ಗೆ ಮಾತ್ರ ಬಾಕಿ. ಹೋದ ವಾರ ಅದರಲ್ಲೊಂದರ ಮುಂದೆ ಹೋಗುವಾಗ ಕಣ್ಣಿಗೆ ಬಿತ್ತು: ಕಪ್ಪು ಟೇಪು, ಅದರೊಳಗೆ ಮಡಚಿದ ರಟ್ಟು. ಹೊಸ ಹುಡುಗ. ನಾನು ಈಗ ಲೈನ್ ಲೀಡರ್ ಬೇರೆ, ತಲೆ ಕೆಟ್ಟುಹೋಯಿತು. ನಮ್ಮ ಹಳೇ ಸೂಪರ್‌ವೈಸರ್ ಕೂಗುತ್ತಿದ್ದ ಹಾಗೆಯೇ ಕೂಗಿದೆ, ಅದೇ ಮಾತುಗಳು, ಅದೇ ದನಿ.

ಹುಡುಗ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, 'ಮಂಗಳವಾರದಿಂದ ಪೀಸ್ ಅಂಟ್ತಿದೆ ಅಣ್ಣ. ಹಲಗೆ ಮೇಲೆ ಬರೆದಿದ್ದೆ' ಅಂದ.

ಹೋಗಿ ನೋಡಿದೆ. ಬರೆದಿದ್ದ, ಹೆಸರು ಸಮೇತ. ಯಾರು ಸರಿಮಾಡಬೇಕು ಅನ್ನುವ ಕಡೆ ನನ್ನ ಹೆಸರಿತ್ತು, ತಾರೀಕು ಗುರುವಾರದ್ದು. ಅವತ್ತು ಶನಿವಾರ. ವಾಪಸ್ ಬಂದು, ಪ್ರೆಸ್ ಆಫ್ ಮಾಡಿಸಿ, ಡೈ ಇಳಿಸಲು ಟೂಲ್ ರೂಮಿನ ಅಣ್ಣನನ್ನು ಕರೆದುಕೊಂಡು ಬರಲು ಹೋದೆ.